ಸಂತೋಷದ ದ್ವೀಪಕ್ಕೊಂದು ಪರಿಸರ ಪರಿಣಾಮ ವರದಿ

ಮಲೆನಾಡಿನ ಜನರಿಗೆ ‘ಯೋಜನೆ’ ಎಂಬ ಶಬ್ದದ ಪರಿಚಯ ಚೆನ್ನಾಗಿಯೇ ಇದೆ. ಶರಾವತಿ ಯೋಜನೆ, ಕಾಳಿ ಯೋಜನೆ, ವಾರಾಹಿ ಯೋಜನೆ ಎಂದು ಹೊಳೆಗಳ ಹೆಸರು ಹೊತ್ತು ಬಂದವುಗಳೆಲ್ಲ ಕಣಿವೆಗಳನ್ನು ಮುಳುಗಿಸಿ, ಊರುಗಳನ್ನು ಎಬ್ಬಿಸಿ, ಬೆಳಕನ್ನು ತಂತಿಯ ಮೇಲೆ ದೂರದ ಪಟ್ಟಣಗಳಿಗೆ ಒಯ್ದವು. ಯೋಜನೆಯ ಕಡತದಲ್ಲಿ ಬರೆದ ಖರ್ಚಿಗಿಂತ ಬರೆಯದೆ ಬಿಟ್ಟ ಖರ್ಚೇ ದೊಡ್ಡದು ಎಂಬ ಪಾಠವನ್ನು ಇಲ್ಲಿಯ ಜನ ಹಾಗೆ ಕಲಿತರು. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ಎದುರಾದಾಗ ಶಿರಸಿ, ಯಲ್ಲಾಪುರ ಸೀಮೆಯ ತೋಟಿಗರು ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಮುಳುಗಲಿರುವ ತೋಟ, ಕಾಡು, ಸೊಪ್ಪಿನ ಬೆಟ್ಟಗಳನ್ನು ಲೆಕ್ಕಕ್ಕೆ ಹಿಡಿದರು. ವಿಜ್ಞಾನಿಗಳನ್ನು ಶಿರಸಿಗೆ ಕರೆಸಿದರು. ಸರ್ಕಾರದ ಲಾಭ-ನಷ್ಟದ ಪಟ್ಟಿಗೆ ತಮ್ಮದೇ ಪಟ್ಟಿಯನ್ನು ಎದುರಿಟ್ಟರು. ಯೋಜನೆ ಅಲ್ಲಿಗೆ ನಿಂತಿತು.

ಈಗ ಅದೇ ಊರುಗಳಿಗೆ ಇನ್ನೊಂದು ಬಗೆಯ ಯೋಜನೆ ಬಂದಿದೆ. ಇದು ಸರ್ಕಾರದ್ದಲ್ಲ, ಮನೆಮನೆಯದು. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ, ಅಥವಾ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಹಣ ಹೊಂದಿಸಿದ ವರ್ಷ, ಜಗಲಿಯ ಮೇಲೆ ಪ್ರವಾಸ ಕಂಪನಿಯ ಬಣ್ಣದ ಕರಪತ್ರ ಬಿಚ್ಚಿಕೊಳ್ಳುತ್ತದೆ. ಸಿಂಗಾಪುರಕ್ಕೆ ವಿಮಾನ, ಸೆಂಟೋಸಾ ದ್ವೀಪದ ಥೀಮ್ ಪಾರ್ಕಿನಲ್ಲಿ ಎರಡು ರಾತ್ರಿ, ವಿಹಾರದ ಹಡಗಿನಲ್ಲಿ ಮೂರು ರಾತ್ರಿ, ಜೊತೆಗೆ ಶುದ್ಧ ಸಸ್ಯಾಹಾರದ ಭರವಸೆ. ವೀಸಾ ಶುಲ್ಕ, ವಿಮೆ, ಹಡಗಿನ ಸಿಬ್ಬಂದಿಗೆ ಕೊಡಬೇಕಾದ ಭಕ್ಷೀಸು ಎಲ್ಲವೂ ಅಲ್ಲಿ ನಮೂದಾಗಿರುತ್ತವೆ. ಬೇಡ್ತಿಯ ಲೆಕ್ಕ ಹಾಕಿದವರ ಮಕ್ಕಳು, ಮೊಮ್ಮಕ್ಕಳು ಈ ಯೋಜನೆಗೂ ಒಂದು ಪರಿಸರ ಪರಿಣಾಮ ವರದಿಯನ್ನು ಕೇಳಬೇಡವೇ? ಕಂಪನಿ ಅದನ್ನು ಕೊಡುವುದಿಲ್ಲ. ಆದ್ದರಿಂದ ಅದರ ಕರಡನ್ನು ಇಲ್ಲಿ ಇಡಲಾಗಿದೆ.

ನೆಲ

ಸೆಂಟೋಸಾ ಎಂಬುದು ಮಲಯ ಭಾಷೆಯ ಹೆಸರು. ಅದರ ಬೇರು ಸಂಸ್ಕೃತದ ‘ಸಂತೋಷ’. ಈ ಹೆಸರು ಅಂಟಿದ್ದು 1970ರ ದಶಕದ ಆರಂಭದಲ್ಲಿ. ಅದಕ್ಕೆ ಮೊದಲು ಅದು ಪುಲಾವ್ ಬ್ಲಾಕಾಂಗ್ ಮಾತಿ. ‘ಮಾತಿ’ ಎಂದರೆ ಸಾವು. ಬ್ರಿಟಿಷರ ಕೋಟೆಯೂ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಯುದ್ಧಕೈದಿಗಳ ಶಿಬಿರವೂ ಆಗಿದ್ದ ನೆಲವದು. ಅಲ್ಲಿ ಹಳ್ಳಿಗಳೂ ಇದ್ದವು. ದ್ವೀಪವನ್ನು ವಿಹಾರಸ್ಥಳವಾಗಿಸಲು ಹೊರಟಾಗ ಹಳ್ಳಿಗರನ್ನು ಎಬ್ಬಿಸಿ ಮುಖ್ಯ ಭೂಭಾಗಕ್ಕೆ ಸಾಗಿಸಲಾಯಿತು. ಮುಳುಗಡೆಯ ನಾಡಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ಸಿಂಗಾಪುರ ಇಂದು 730 ಚದರ ಕಿಲೋಮೀಟರನ್ನು ಮೀರಿದೆ. ಯುದ್ಧ ಮಾಡಿ ಗೆದ್ದ ನೆಲ ಇದಲ್ಲ. ಕಡಲಿಗೆ ಮರಳು ಸುರಿದು ಪಡೆದ ನೆಲ. ಪ್ರವಾಸಿ ಇಳಿಯುವ ಚಾಂಗಿ ವಿಮಾನ ನಿಲ್ದಾಣದ ಬಹುಭಾಗ, ಹಡಗು ಹತ್ತುವ ಮರೀನಾ ದಕ್ಷಿಣದ ದಂಡೆ, ಸೆಂಟೋಸಾದ ಹಿಗ್ಗಿದ ಅಂಚುಗಳು, ಎಲ್ಲವೂ ತುಂಬಿಸಿದ ಕಡಲು. ಸಿಂಗಾಪುರ 20 ವರ್ಷಗಳಲ್ಲಿ 51.7 ಕೋಟಿ ಟನ್ ಮರಳನ್ನು ಆಮದು ಮಾಡಿಕೊಂಡಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2014ರಲ್ಲಿ ಲೆಕ್ಕ ಕೊಟ್ಟಿತು.

ಈ ಮರಳು ಎಲ್ಲಿಂದ ಬಂತು? ಮೊದಲು ನೆರೆಯ ಮಲೇಷ್ಯಾದಿಂದ. ಅದು 1997ರಲ್ಲಿ ರಫ್ತು ನಿಷೇಧಿಸಿತು. ಆಮೇಲೆ ಇಂಡೋನೇಷ್ಯಾದಿಂದ, ತನ್ನ ಗಡಿಯ ಪುಟ್ಟ ದ್ವೀಪಗಳು ಕರಗುತ್ತಿರುವುದನ್ನು ಕಂಡು ಅದೂ 2007ರಲ್ಲಿ ನಿಷೇಧಿಸಿತು. ಬಳಿಕ ಕಾಂಬೋಡಿಯಾದ ಸರದಿ. ಅಲ್ಲಿಯ ಕೊಹ್ ಕಾಂಗ್ ಪ್ರಾಂತ್ಯದ ಅಳಿವೆಗಳನ್ನು ಯಂತ್ರಗಳು ಹೀರಿದವು. ಏಡಿ, ಮೀನು ಹಿಡಿದು ಬದುಕುತ್ತಿದ್ದ ಬೆಸ್ತರ ಬಲೆ ಬರಿದಾಯಿತು. ಕಾಂಬೋಡಿಯಾ ಕಳುಹಿಸಿದ್ದಾಗಿ ಬರೆದುಕೊಂಡ ಮರಳಿಗೂ ಸಿಂಗಾಪುರ ಪಡೆದದ್ದಾಗಿ ಬರೆದುಕೊಂಡ ಮರಳಿಗೂ ಕೋಟಿಗಟ್ಟಲೆ ಟನ್ನುಗಳ ಅಂತರವಿತ್ತು. ಅಲ್ಲಿಯ ಯುವಜನರ ‘ಮದರ್ ನೇಚರ್’ ಸಂಘಟನೆ ಪ್ರಶ್ನೆ ಎತ್ತಿತು. 2017ರಲ್ಲಿ ರಫ್ತು ನಿಂತಿತು. ಆ ಸಂಘಟನೆಗೆ ದೊರೆತ ಪ್ರತಿಫಲವೇನು? 2023ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ. 2024ರ ಜುಲೈಯಲ್ಲಿ ಅದರ ಹತ್ತು ಮಂದಿ ಕಾರ್ಯಕರ್ತರಿಗೆ ಆರರಿಂದ ಎಂಟು ವರ್ಷಗಳ ಸೆರೆವಾಸದ ಶಿಕ್ಷೆ.

ಈ ಮರಳೆಲ್ಲ ಪ್ರವಾಸಿಗಳಿಗಾಗಿಯೇ ಸುರಿದದ್ದಲ್ಲ, ನಿಜ. ಆದರೆ ಕರಪತ್ರದಲ್ಲಿ ಹೊಳೆಯುವ ನಗರ ನಿಂತಿರುವುದು ಅದರ ಮೇಲೆಯೇ.

ಜೀವಿಗಳು

2010ರಲ್ಲಿ ಸೆಂಟೋಸಾದಲ್ಲಿ ತೆರೆದ ಬೃಹತ್ ವಿಹಾರ ಸಂಕೀರ್ಣಕ್ಕಾಗಿ ಸಾಲೊಮನ್ ದ್ವೀಪಗಳ ಕಡಲಿನಿಂದ 27 ಕಾಡು ಡಾಲ್ಫಿನ್‌ಗಳನ್ನು ಹಿಡಿಸಿ ಕೊಳ್ಳಲಾಯಿತು. ಎರಡು 2010ರಲ್ಲಿ ಮಲೇಷ್ಯಾದ ಲಂಕಾವಿಯ ತಾತ್ಕಾಲಿಕ ತೊಟ್ಟಿಯಲ್ಲಿ ಸೋಂಕಿನಿಂದ ಸತ್ತವು. ಉಳಿದವುಗಳನ್ನು ಫಿಲಿಪ್ಪೀನ್ಸಿನಲ್ಲಿ ಪಳಗಿಸಿ 2012ರಲ್ಲಿ ಸಿಂಗಾಪುರಕ್ಕೆ ತರುವಾಗ ಇನ್ನೊಂದು ವಿಮಾನದಲ್ಲೇ ಪ್ರಾಣ ಬಿಟ್ಟಿತು. ಸಿಂಗಾಪುರದ ಪ್ರಾಣಿಪ್ರಿಯರೇ ಬೀದಿಗಿಳಿದು ಪ್ರತಿಭಟಿಸಿದರು.

ಭಾರತ 2013ರ ಮೇ ತಿಂಗಳಲ್ಲಿ ಮನರಂಜನೆಗಾಗಿ ಡಾಲ್ಫಿನ್‌ಗಳನ್ನು ಕೂಡಿಹಾಕುವುದನ್ನು ನಿಷೇಧಿಸಿತು. ಹೆಮ್ಮೆಪಡತಕ್ಕ ನಿರ್ಧಾರ ಅದು. ಸ್ವದೇಶದಲ್ಲಿ ಅಪರಾಧವೆನಿಸಿದ್ದನ್ನು ಟಿಕೆಟು ಕೊಂಡು ಪರದೇಶದಲ್ಲಿ ನೋಡುವುದು ಯಾವ ನೀತಿ? ಕಾಡಾನೆಯನ್ನು ಸರ್ಕಸ್ಸಿನಲ್ಲಿ ಕುಣಿಸಬಾರದೆಂದು ಮಕ್ಕಳಿಗೆ ಹೇಳಿಕೊಡುವ ಶಾಲೆಗಳು ಈ ಪ್ರಶ್ನೆಗೆ ಉತ್ತರ ಹುಡುಕಬೇಕು.

ನೀರು

ಇನ್ನು ಹಡಗು. ಮೂರು ಸಾವಿರ ಜನ ತುಂಬಿದ ಹಡಗೆಂದರೆ ತೇಲುವ ಪೇಟೆ. ಒಂದು ವಿಹಾರದ ಹಡಗಿನಿಂದ ದಿನವೊಂದಕ್ಕೆ ಸರಾಸರಿ 80 ಸಾವಿರ ಲೀಟರಿನಷ್ಟು ಶೌಚದ ನೀರೂ 6.4 ಲಕ್ಷ ಲೀಟರಿನಷ್ಟು ಸ್ನಾನ, ಅಡುಗೆ, ಬಟ್ಟೆ ಒಗೆತದ ನೀರೂ ಹೊರಡುತ್ತದೆಂಬ ಅಂದಾಜು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2008ರ ವರದಿಯಲ್ಲಿದೆ. ದಡದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ ಸಂಸ್ಕರಿಸದ ಶೌಚವನ್ನು ಕೂಡ ಕಡಲಿಗೆ ಬಿಡಲು ಅಂತಾರಾಷ್ಟ್ರೀಯ ನಿಯಮ ಸಾಮಾನ್ಯವಾಗಿ ಅವಕಾಶ ಕೊಡುತ್ತದೆ. ಗ್ರಾಮ ಪಂಚಾಯಿತಿಯೊಂದು ಊರಾಚೆಯ ಹೊಳೆಗೆ ಹೀಗೆ ಬಿಟ್ಟರೆ ಕೆಳಗಿನ ಊರಿನವರು ಸುಮ್ಮನಿರುವರೇ? ಕಡಲಿಗೆ ಕೆಳಗಿನ ಊರಿಲ್ಲ ಎಂಬುದಷ್ಟೇ ವ್ಯತ್ಯಾಸ.

2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಜಾಗತಿಕವಾಗಿ ಶೇಕಡ 3.5ರಿಂದ 0.5ಕ್ಕೆ ಇಳಿಸಲಾಯಿತು. ಆದರೆ ಹಳೆಯ ಕೊಳಕು ಎಣ್ಣೆಯನ್ನೇ ಉರಿಸಿ, ಹೊಗೆಯನ್ನು ಕಡಲ ನೀರಿನಿಂದ ತೊಳೆದು, ತೊಳೆದ ನೀರನ್ನು ಮರಳಿ ಕಡಲಿಗೇ ಸುರಿಯುವ ಯಂತ್ರಕ್ಕೆ ಅನುಮತಿ ಉಳಿಯಿತು. ಗಾಳಿಯ ಮಾಲಿನ್ಯ ನೀರಿನ ಮಾಲಿನ್ಯವಾಗಿ ವೇಷ ಬದಲಿಸಿತು. ಸಿಂಗಾಪುರ ಜಾಣ ದೇಶ: ಅಂದಿನಿಂದಲೇ ತನ್ನ ಬಂದರಿನ ನೀರಿನಲ್ಲಿ ಹೀಗೆ ಸುರಿಯುವುದನ್ನು ನಿಷೇಧಿಸಿತು. ಸೆಂಟೋಸಾದ ಜೂಜುಕಟ್ಟೆಯಲ್ಲೂ ಇದೇ ಜಾಣತನ ಕಾಣುತ್ತದೆ. ತನ್ನ ಪ್ರಜೆಗಳು ಹಾಳಾಗಬಾರದೆಂದು ಅವರಿಗೆ ಪ್ರವೇಶಶುಲ್ಕ ಹೇರಿದ ಸರ್ಕಾರ ವಿದೇಶೀಯರಿಗೆ ಬಾಗಿಲನ್ನು ಬಿಟ್ಟಿಯಾಗಿ ತೆರೆದಿಟ್ಟಿತು. ಅಂಗಳ ಸ್ವಚ್ಛವಾಗಿರಲಿ, ಕಸ ಬೇಲಿಯಾಚೆ ಬೀಳಲಿ ಎಂಬ ಈ ಲೆಕ್ಕಾಚಾರದಲ್ಲಿ ಬೇಲಿಯಾಚೆ ಇರುವವರು ಯಾರು?

ಇದ್ದ ನಿಯಮವಾದರೂ ಪಾಲನೆಯಾಗುತ್ತದೆಯೇ? 2016ರಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ ಗುಪ್ತ ಕೊಳವೆಯ ಮೂಲಕ ಎಣ್ಣೆಮಿಶ್ರಿತ ನೀರನ್ನು ಕಡಲಿಗೆ ಬಿಟ್ಟು ಮುಚ್ಚಿಟ್ಟದ್ದನ್ನು ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆತ್ತಿತು. ಗುಟ್ಟನ್ನು ಹೊರಗೆಡಹಿದವನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಎಂಜಿನಿಯರ್. ಮೂರು ವರ್ಷವೂ ಕಳೆದಿರಲಿಲ್ಲ. 2019ರಲ್ಲಿ ಅದರ ಮಾತೃಸಂಸ್ಥೆ ಕಾರ್ನಿವಲ್, ಆಹಾರದ ಕಸದೊಂದಿಗೆ ಪ್ಲಾಸ್ಟಿಕ್ಕನ್ನು ಬಹಾಮಾಸ್ ಕಡಲಿಗೆ ಎಸೆದದ್ದೂ ಸೇರಿದಂತೆ ಷರತ್ತುಗಳನ್ನು ಮುರಿದದ್ದನ್ನು ಒಪ್ಪಿ ಮತ್ತೆ 2 ಕೋಟಿ ಡಾಲರ್ ಕಟ್ಟಿತು. ದಂಡವೂ ವ್ಯಾಪಾರದ ಖರ್ಚಿನಲ್ಲಿ ಒಂದಾಗಿ ಹೋಯಿತೆಂದೇ ಇದರರ್ಥ.

ದುಡಿಮೆ

ಹಡಗಿನ ಒಳಗೆ ಎರಡು ಲೋಕಗಳಿವೆ. ಮೇಲಿನ ಅಂತಸ್ತುಗಳಲ್ಲಿ ಅತಿಥಿ. ಕೆಳಗೆ, ಕಿಟಕಿಯಿಲ್ಲದ ಕೋಣೆಗಳಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಗೋವಾ, ಮಂಗಳೂರುಗಳಿಂದ ಬಂದ ಯುವಕರು. ಹಡಗಿನ ಬಾವುಟ ಪನಾಮಾದ್ದೋ ಬಹಾಮಾಸಿನದೋ ಆಗಿರುವುದರಿಂದ ಅವರಿಗೆ ತಮ್ಮ ದೇಶದ ಕಾರ್ಮಿಕ ಕಾನೂನು ದಕ್ಕುವುದಿಲ್ಲ. ಅಂತಾರಾಷ್ಟ್ರೀಯ ಒಪ್ಪಂದವೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಅನುಮತಿ ಕೊಟ್ಟಿದೆ. 2020ರ ಫೆಬ್ರುವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ಕೊರೊನಾ ಸೋಂಕಿನೊಂದಿಗೆ ಯೊಕೊಹಾಮಾದಲ್ಲಿ ನಿಂತಾಗ ಅದರಲ್ಲಿ 138 ಭಾರತೀಯರಿದ್ದರು. ಪ್ರಯಾಣಿಕರು ಆರು ಮಂದಿ. ಉಳಿದ 132 ಮಂದಿ ಸಿಬ್ಬಂದಿ. ಅತಿಥಿಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಗ ಅವರಿಗೆ ಊಟ ಒಯ್ದವರು ಈ ಸಿಬ್ಬಂದಿಯೇ.

ಗಾಳಿ

ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು 3,200 ಕಿಲೋಮೀಟರ್. ಪ್ರಯಾಣಿಕನೊಬ್ಬನಿಗೆ ಕಿಲೋಮೀಟರಿಗೆ 90 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬ ಸಾಧಾರಣ ಲೆಕ್ಕ ಹಿಡಿದರೂ ಹೋಗಿಬರಲು ಅರ್ಧ ಟನ್ನಿಗೂ ಮಿಗಿಲು. ನಾಲ್ವರ ಕುಟುಂಬಕ್ಕೆ 2 ಟನ್ ದಾಟುತ್ತದೆ. ಸರಾಸರಿ ಭಾರತೀಯನೊಬ್ಬ ಇಡೀ ವರ್ಷ ಹೊರಸೂಸುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಹಡಗಿನ ಹೊಗೆ ಇದರಲ್ಲಿ ಸೇರಿಲ್ಲ. ಮಳೆಯ ಲಯ ತಪ್ಪಿ, ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನವೇ ತಿಳಿಯದಾಗಿ, ಎಲೆಚುಕ್ಕೆ ರೋಗದಿಂದ ತೋಟ ಹಳದಿಗಟ್ಟುವುದನ್ನು ಕಂಡ ಬೆಳೆಗಾರರಿಗೆ ಹವಾಮಾನದ ಏರುಪೇರು ಪುಸ್ತಕದ ವಿಷಯವಲ್ಲ.

ಕೊನೆಯ ಬಂದರು

ಹಡಗು ಮುದಿಯಾದಾಗ ಎಲ್ಲಿಗೆ ಹೋಗುತ್ತದೆ? 1960ರ ದಶಕದಲ್ಲಿ ‘ಫ್ರಾನ್ಸ್’ ಎಂಬ ಹೆಸರಿನಿಂದ ಮೆರೆದು, ಬಳಿಕ ‘ನಾರ್ವೆ’ಯಾಗಿ ಕೆರಿಬಿಯನ್ ಕಡಲಲ್ಲಿ ವಿಹಾರಿಗಳನ್ನು ಹೊತ್ತ ಹಡಗಿನಲ್ಲಿ 2003ರಲ್ಲಿ ಬಾಯ್ಲರ್ ಸಿಡಿದು ಎಂಟು ಕೆಲಸಗಾರರು ಸತ್ತರು. 2006ರಲ್ಲಿ ಅದು ‘ಬ್ಲೂ ಲೇಡಿ’ ಎಂಬ ಹೊಸ ಹೆಸರಿನಲ್ಲಿ, ಸಾವಿರ ಟನ್ನಿಗೂ ಮಿಕ್ಕಿದ ಕಲ್ನಾರನ್ನು ಒಡಲಲ್ಲಿಟ್ಟುಕೊಂಡು ಗುಜರಾತಿನ ಅಲಂಗ್ ತೀರಕ್ಕೆ ಬಂತು. ಪರಿಸರವಾದಿಗಳು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರೂ 2007ರಲ್ಲಿ ಒಡೆಯಲು ಅನುಮತಿ ದೊರೆಯಿತು. ಮುಂಬಯಿಯಿಂದ 2019ರಲ್ಲಿ ವಿಹಾರ ಆರಂಭಿಸಿದ ‘ಕರ್ಣಿಕಾ’ ಕೂಡ ಕಂಪನಿ ಮುಳುಗಿದ ಮೇಲೆ 2020ರಲ್ಲಿ ಸೇರಿದ್ದು ಅಲಂಗನ್ನೇ. ಕರಪತ್ರದಲ್ಲಿ ಈ ಬಂದರಿನ ಚಿತ್ರ ಇರುವುದಿಲ್ಲ.

ಆಕ್ಷೇಪಗಳು

“ನಗರದವರು ತಿಂಗಳಿಗೊಮ್ಮೆ ಹಾರುತ್ತಾರೆ, ಹಳ್ಳಿಯವನು ಜನ್ಮಕ್ಕೊಮ್ಮೆ ಹೋದರೆ ತಪ್ಪೇ?” ಎಂಬುದು ಮೊದಲನೆಯದು. ತಿಂಗಳಿಗೊಮ್ಮೆ ಹಾರುವವರ ಹೊಣೆ ಖಂಡಿತ ಹೆಚ್ಚು. ಪರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿಯನ್ನು ಯಾರೂ ದೂರುವಂತಿಲ್ಲ. ಆದರೆ 2019ರ ಜುಲೈಯಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದಾಗ ಕೇಳಿದ್ದೇನು? ಇನ್ನೊಬ್ಬರ ಸೌಖ್ಯಕ್ಕೆ ಈ ಕಣಿವೆ ಏಕೆ ಬೆಲೆ ತೆರಬೇಕು ಎಂದು. ಕೊಹ್ ಕಾಂಗಿನ ಬೆಸ್ತನ ಪ್ರಶ್ನೆಯೂ ಅದೇ. ಅವನಿಗೆ ಕಿವುಡಾದವರ ಕೂಗಿಗೆ ವಿಧಾನಸೌಧ ಏಕೆ ಕಿವಿಗೊಡಬೇಕು?

“ಒಂದು ಕುಟುಂಬ ಹೋಗದಿದ್ದರೂ ಹಡಗು ಹೊರಡುತ್ತದೆ” ಎಂಬುದು ಎರಡನೆಯದು. ಬೇಡ್ತಿಯ ಕಾಲದಲ್ಲೂ ಇಂಥದೇ ಮಾತು ಕೇಳಿಬಂದಿದ್ದರೆ ಆಶ್ಚರ್ಯವಿಲ್ಲ. ಜನ ಹಿಂದೆ ಸರಿದರೆ ಕಡಲು ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಥಾಯ್ಲೆಂಡಿನ ಮಾಯಾ ಕೊಲ್ಲಿ ಸಾಕ್ಷಿ. ದಿನಕ್ಕೆ ಐದು ಸಾವಿರದಷ್ಟು ಪ್ರವಾಸಿಗಳ ತುಳಿತಕ್ಕೂ ದೋಣಿಗಳ ಲಂಗರಿಗೂ ಸಿಕ್ಕಿ ಹವಳ ನಾಶವಾಗಿದ್ದ ಆ ಕೊಲ್ಲಿಯನ್ನು 2018ರಲ್ಲಿ ಮುಚ್ಚಲಾಯಿತು. 2022ರಲ್ಲಿ ಮಿತಿಗಳೊಡನೆ ತೆರೆಯುವ ಹೊತ್ತಿಗೆ ಶಾರ್ಕ್‌ಗಳು ಮರಳಿ ಬಂದಿದ್ದವು.

ಈ ಚರ್ಚೆ ದೂರದ ಕಡಲಿನದಷ್ಟೇ ಅಲ್ಲ. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಬೆಂಗಳೂರನ್ನು ಸಿಂಗಾಪುರ ಮಾಡುವ ಕನಸು ಬಿತ್ತಿದರು. ಆ ಕನಸಿನ ಬೇರು ಈಗ ಘಟ್ಟ ಹತ್ತಿದೆ. ಜೋಗ, ಕೊಡಚಾದ್ರಿಗಳಲ್ಲಿ ರೋಪ್‌ವೇ ಪ್ರಸ್ತಾಪಗಳು ಎದ್ದಿವೆ. ಸೆಂಟೋಸಾದಲ್ಲಿ ಮೈಮರೆತು ಬಂದ ಕಣ್ಣಿಗೆ ಊರಿನ ಬೆಟ್ಟವೂ ಒಂದು ಥೀಮ್ ಪಾರ್ಕಿನ ನಿವೇಶನವಾಗಿ ಕಂಡರೆ ಅಚ್ಚರಿಯೇನು? ಶರಾವತಿ ಹಿನ್ನೀರಿನ ತುಮರಿ ಸೀಮೆಯ ಜನ 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ರೋಗಿಯನ್ನೂ ಬಸುರಿಯನ್ನೂ ಲಾಂಚಿನಲ್ಲೇ ದಾಟಿಸಿದರು. ಅವರ ಪಾಲಿಗೆ ನೀರಿನ ಮೇಲಿನ ಪಯಣ ವಿಹಾರವಾಗಿರಲಿಲ್ಲ. ಬೇರೆಯವರ ಯೋಜನೆಯ ಕಂದಾಯವಾಗಿತ್ತು.

ಪ್ರವಾಸವೇ ಬೇಡವೆಂದು ಈ ವರದಿ ಹೇಳುವುದಿಲ್ಲ. ಮುಂಗಡ ಕಟ್ಟುವ ಮೊದಲು ಕಂಪನಿಗೆ ಬರಹದಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ. ಹಡಗು ಯಾವ ಎಣ್ಣೆ ಉರಿಸುತ್ತದೆ? ಹೊಗೆ ತೊಳೆದ ನೀರನ್ನೂ ಶೌಚವನ್ನೂ ಎಲ್ಲಿ ಬಿಡುತ್ತದೆ? ಯಾವ ದೇಶದ ಬಾವುಟ ಹಾರಿಸುತ್ತದೆ? ಸಿಬ್ಬಂದಿಯ ದುಡಿಮೆ ಎಷ್ಟು ಗಂಟೆ? ಕಟ್ಟಿಟ್ಟ ಪ್ರಾಣಿಗಳ ಪ್ರದರ್ಶನ ಪಟ್ಟಿಯಲ್ಲಿದೆಯೇ? ಉತ್ತರ ಬಾರದಿದ್ದರೆ ಅದೇ ಉತ್ತರವೆಂದು ತಿಳಿದು ಹಣವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಕಾಲೇಜುಗಳ ಪರಿಸರ ಸಂಘಗಳು ಈ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಊರೂರಿಗೆ ಹಂಚಲಿ. ಶಾಲೆಗಳು ವರ್ಷದ ಪ್ರವಾಸಕ್ಕೆ ಅಘನಾಶಿನಿಯನ್ನು ಆರಿಸಿಕೊಳ್ಳಲಿ: ಶಿರಸಿಯ ಬಳಿ ಹುಟ್ಟಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕುಮಟೆಯ ಕಡಲು ಸೇರುವ ಹೊಳೆ ಅದು. ಅಳಿವೆಯ ಗಜನಿಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವವರೂ ಬೆಳಚು ಆರಿಸುವ ಹೆಂಗಸರೂ ಮಕ್ಕಳಿಗೆ ಪಾಠ ಹೇಳಬಲ್ಲರು.