ಉಪಾಧ್ಯಾಯರ ಆಕಾಂಕ್ಷೆಗೆ ಮೆಟ್ಟಿಲೆಲ್ಲಿ?

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ವಿಜ್ಞಾನ ಮತ್ತು ಗಣಿತದ ಉಪಾಧ್ಯಾಯರಿಗಾಗಿ ತರಬೇತಿ ಕೇಂದ್ರವೊಂದನ್ನು ನಡೆಸಿಕೊಂಡು ಬರುತ್ತಿರುವುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ ಇಂದು ನಾಡಿನ ಮೇಷ್ಟ್ರುಗಳು ಕೈಯಾರೆ ಪ್ರಯೋಗ ನಡೆಸಿ ಕಲಿಯುತ್ತಿರುವುದು ಸಂತೋಷದ ವಿಷಯ. ಆದರೆ ಅಲ್ಲಿಂದ ಹುರುಪಿನೊಡನೆ ಹಿಂದಿರುಗಿ, "ಬೋಧನೆಗೆ ಯಂತ್ರಸಾಧನಗಳನ್ನು ಬಳಸುವ ರೀತಿಯನ್ನು ನಾನು ಬಲ್ಲೆ, ನೆರೆಯ ಶಾಲೆಗಳವರಿಗೂ ಕಲಿಸಬಲ್ಲೆ, ಇದೇ ನನ್ನ ಜೀವನದ ಉದ್ಯೋಗವಾಗಲಿ" ಎಂದು ಬಯಸುವ ಉಪಾಧ್ಯಾಯರಿಗೆ ವಿದ್ಯಾ ಇಲಾಖೆಯು ತೋರಿಸುವ ದಾರಿ ಯಾವುದು?

ಈಗಿರುವ ಏಣಿಯನ್ನು ನೋಡೋಣ. ಪ್ರೌಢಶಾಲೆಯ ಸಹಶಿಕ್ಷಕರು ಜ್ಯೇಷ್ಠತೆಯ ಮೇರೆಗೆ ಮುಖ್ಯೋಪಾಧ್ಯಾಯರಾಗುವರು. ಆ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ದರ್ಜೆಗೆ ಏರಬಹುದು. ಸಂಪನ್ಮೂಲ ವ್ಯಕ್ತಿಗಳ ಹುದ್ದೆಗೆ ಪರೀಕ್ಷೆಯ ಮೂಲಕ ಆಯ್ಕೆಯೂ ಉಂಟು. ಆದರೆ ಈ ಮೆಟ್ಟಿಲುಗಳು ಬಹುಮಟ್ಟಿಗೆ ಉಪಾಧ್ಯಾಯರನ್ನು ಕರಿಹಲಗೆಯಿಂದ ಕಡತದ ಕಡೆಗೆ ಒಯ್ಯತಕ್ಕವುಗಳೇ. 1987ರಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಯೋಜನೆಯು ಆರಂಭವಾದಾಗ ಅವುಗಳ ಏಳು ವಿಭಾಗಗಳಲ್ಲಿ ಶೈಕ್ಷಣಿಕ ತಂತ್ರಜ್ಞಾನವೂ ಒಂದಾಗಿತ್ತು. ಈ ವಿದ್ಯೆಯಲ್ಲಿ ನಿಪುಣರಾದ ಶಿಕ್ಷಕರಿಗೆ ಕೇಂದ್ರ ಸರ್ಕಾರದವರು 2010ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಸ್ಥಾಪಿಸಿದರು. ವಿಭಾಗವು ಜಿಲ್ಲಾ ಕೇಂದ್ರದಲ್ಲಿರುವುದು. ಪ್ರಶಸ್ತಿಯು ಗೋಡೆಯ ಮೇಲಿರುವುದು. ಹಳ್ಳಿಯ ಶಾಲೆಯಲ್ಲಿದ್ದುಕೊಂಡೇ ಮುಂದಾಳಾಗಬೇಕೆಂಬುವರಿಗೆ ಇವೆರಡೂ ಸಾಲವು.

ಯಂತ್ರವು ಬಂದರೆ ಸಾಕು, ವಿದ್ಯೆಯು ತಾನಾಗಿ ಬರುವುದೆಂಬ ಭ್ರಾಂತಿಗೆ ನಾವು ಹಲವು ಬಾರಿ ಒಳಗಾಗಿದ್ದೇವೆ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಲಾಯಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರ ಮೂಲಕ ಪಾಠಗಳು ತಲುಪಿದವು. 2010ರಲ್ಲಿ ಉಪಗ್ರಹವು ಸೇವೆಯಿಂದ ನಿವೃತ್ತವಾಯಿತು. ಉಪಗ್ರಹದ ಆಯುಸ್ಸು ಆರು ವರ್ಷ. ಉಪಾಧ್ಯಾಯರ ಸೇವೆ ಸುಮಾರು ಮೂವತ್ತು ವರ್ಷ. ಇವುಗಳಲ್ಲಿ ಯಾವುದಕ್ಕೆ ಹಣವನ್ನು ತೊಡಗಿಸುವುದು ಲಾಭಕರವೆಂಬುದನ್ನು ನಮ್ಮ ವರ್ತಕ ಬಂಧುಗಳೇ ಹೇಳಲಿ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಪ್ರಸಾರವಾದವು. ಆದರೂ ಅದೇ ವರ್ಷ ವಿದ್ಯಾಗಮ ಯೋಜನೆಯಲ್ಲಿ, ಮೊಬೈಲು ಯಾರ ಮನೆಯಲ್ಲುಂಟು, ಯಾರ ಮನೆಯಲ್ಲಿಲ್ಲ ಎಂಬುದನ್ನು ವಿಚಾರಿಸುತ್ತ, ಉಪಾಧ್ಯಾಯರೇ ಮಕ್ಕಳಿದ್ದೆಡೆಗೆ ನಡೆದು ಹೋಗಬೇಕಾಯಿತು.

ಗಡಿನಾಡಿನಲ್ಲಿ ಈ ಮಾತು ಇನ್ನೂ ಸತ್ಯ. ಮೊಳಕಾಲ್ಮೂರಿನ ನೆರೆಯಲ್ಲಿಯೇ ಆಂಧ್ರದ ರಾಯದುರ್ಗವಿದೆ. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಮಕ್ಕಳು ಈ ಕಡೆ ಅನೇಕರಿದ್ದಾರೆ. ಬೆಂಗಳೂರಿನಲ್ಲಿ ಸಿದ್ಧವಾದ ಪಾಠವು ಪರದೆಯ ಮೇಲೆ ಎಷ್ಟೇ ಸೊಗಸಾಗಿ ಮೂಡಲಿ, ಮಗು ಎಲ್ಲಿ ತಡವರಿಸಿತೆಂಬುದನ್ನು ಪರದೆಯು ಕಾಣಲಾರದು. ಅದನ್ನು ಕಂಡು ಪಾಠವನ್ನು ತಿದ್ದಬಲ್ಲವರು ಆ ಊರಿನ ಮೇಷ್ಟ್ರುಗಳೇ.

ಆದುದರಿಂದ ನಮ್ಮ ಸಲಹೆಯಿಷ್ಟು. ಈ ಎರಡು ತಾಲ್ಲೂಕುಗಳಲ್ಲಿ ತಲಾ ಒಬ್ಬ ಉಪಾಧ್ಯಾಯರನ್ನು ಪ್ರಯೋಗಾರ್ಥವಾಗಿ ಆರಿಸಬೇಕು. ಅವರು ವಾರದಲ್ಲಿ ಅರ್ಧ ದಿನಗಳನ್ನು ಸ್ವಂತ ಶಾಲೆಯಲ್ಲಿ ಪಾಠ ಹೇಳುತ್ತ, ಉಳಿದರ್ಧದಲ್ಲಿ ಸುತ್ತಣ ಶಾಲೆಗಳಿಗೆ ಹೋಗಿ ನೆರವಾಗಬೇಕು. ಅವರ ಜ್ಯೇಷ್ಠತೆಗೆ ಕುಂದು ಬಾರದಂತೆ ದರ್ಜೆಯನ್ನೂ ಭತ್ಯವನ್ನೂ ಗೊತ್ತುಪಡಿಸಬೇಕು. ಕಂಪ್ಯೂಟರು ಮೊದಲಾದ ಸಾಮಾನುಗಳನ್ನು ಕೊಳ್ಳುವ ಮುನ್ನ ಅವರ ಅಭಿಪ್ರಾಯವನ್ನು ಕೇಳಬೇಕು. ಕುದಾಪುರದ ಕೇಂದ್ರದೊಡನೆ ಅವರಿಗೆ ಸತತ ಸಂಪರ್ಕವಿರಬೇಕು. ಕಾವಲಿನ ವಿಷಯವಾಗಿ ಸುತ್ತಣ ಹಳ್ಳಿಗಳವರ ಅಹವಾಲು 2013ರಲ್ಲಿ ಹಸುರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಮೇವಿನ ನೆಲವನ್ನು ಕಳೆದುಕೊಂಡವರ ಮಕ್ಕಳಿಗೆ ಅದೇ ನೆಲದಲ್ಲಿ ಬೆಳೆದ ವಿದ್ಯೆಯ ಪಾಲು ಸಲ್ಲುವುದು ನ್ಯಾಯವಲ್ಲವೆ?

ಹಣವೆಲ್ಲಿ ಎಂದು ಅಧಿಕಾರಿಗಳು ಕೇಳಬಹುದು. ಬಳಸುವವರಿಲ್ಲದೆ ಬೀಗದೊಳಗೆ ಧೂಳು ಹಿಡಿಯುವ ಯಂತ್ರಗಳ ಬೆಲೆಗಿಂತ ಇದು ಹೆಚ್ಚಿನದೆಂದು ನಮಗೆ ತೋರುವುದಿಲ್ಲ. ಉಪಾಧ್ಯಾಯ ಬಂಧುಗಳಿಗೂ ಒಂದು ಮಾತು: ಯಂತ್ರದ ಮಾರಾಟಗಾರರಂತೆ ಮಾತನಾಡುವುದು ಮುಂದಾಳ್ತನವಲ್ಲ. ಹಿಂದಿನ ಬೆಂಚಿನ ಮಗುವಿಗೆ ಭಿನ್ನರಾಶಿಯು ತಿಳಿಯಿತೇ ಎಂಬುದೊಂದೇ ಅದರ ಪರೀಕ್ಷೆ. ಸೀಮೆಸುಣ್ಣದಿಂದ ತಿಳಿಯುವುದಾದರೆ ಸೀಮೆಸುಣ್ಣವೇ ಸರಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು, ಶಿಷ್ಯನು ಗುರುವನ್ನು ಗೌರವಿಸಬೇಕೆಂದು ವಿಧಿಸುತ್ತದೆ. ಆ ಗೌರವವು ಶಿಷ್ಯರೊಬ್ಬರ ಹೊಣೆಯಲ್ಲ, ಸರ್ಕಾರದ ಹೊಣೆಯೂ ಹೌದು. ಸೆಪ್ಟೆಂಬರ್ 5ರಂದು ಹಾರ ಹಾಕಿದ ಮಾತ್ರಕ್ಕೆ ಅದು ತೀರದು. ಬಲ್ಲವರಿಗೆ ಬಲ್ಲ ಕೆಲಸವನ್ನು ಒಪ್ಪಿಸುವುದೇ ನಿಜವಾದ ಗೌರವವೆಂಬುದನ್ನು ವಿದ್ಯಾ ಇಲಾಖೆಯವರು ಮನಗಾಣಲಿ.