ಬಿಗಿದರೆ ಬೆನ್ನುನೋವು, ಸಡಿಲಿಸಿದರೆ ನಿದ್ದೆ

ಮಾಲೂರಿನ ಹೈಸ್ಕೂಲು ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಕಳೆದ ಡಿಸೆಂಬರಿನಲ್ಲಿ ಅವನ ಶಾಲೆಯ ಸ್ಕೌಟ್ ಹುಡುಗರು ಶ್ರೀನಿವಾಸಪುರದ ಕಡೆಯ ಮಾವಿನ ತೋಪೊಂದರಲ್ಲಿ ಎರಡು ದಿನ ಶಿಬಿರ ಹೂಡಿದ್ದರಂತೆ. ಇವನು ಸೋದರಮಾವನಿಂದ ನೈಲಾನ್ ಬಟ್ಟೆಯ ಹ್ಯಾಮಕ್ ಒಂದನ್ನು ಕೇಳಿ ತಂದು, ಎರಡು ಮರಗಳ ನಡುವೆ ಕಟ್ಟಿಕೊಂಡು ಮಲಗಿದ. ಮುಂದಿನದು ಅವನ ಮಾತಿನಲ್ಲೇ ಕೇಳಿ: "ಸರ್, ರಾತ್ರಿಯೆಲ್ಲಾ ಬಿಲ್ಲಿನ ಹಾಗೆ ಬಾಗಿಕೊಂಡಿದ್ದೆ. ಬೆಳಗಿನ ಜಾವಕ್ಕೆ ಬೆನ್ನು ಮರಗಟ್ಟುವಷ್ಟು ಚಳಿ. ಕೊನೆಗೆ ಕೆಳಗಿಳಿದು ಜಮಖಾನದ ಮೇಲೆ ಮಲಗಿದೆ. ಮನೆಯಲ್ಲಿ ನನ್ನ ಪುಟ್ಟ ತಂಗಿ ಅಮ್ಮನ ಸೀರೆಯ ಜೋಲಿಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಾಳಲ್ಲ, ನನಗೇಕೆ ಆಗಲಿಲ್ಲ?"

ಒಳ್ಳೆಯ ಪ್ರಶ್ನೆ. ಉತ್ತರ ಹೇಳುವ ಮುನ್ನ ನನ್ನ ಪೆದ್ದುತನವೊಂದನ್ನು ಒಪ್ಪಿಕೊಂಡುಬಿಡುತ್ತೇನೆ.

2009ರ ಬೇಸಿಗೆ ರಜೆ. ಮುಳಬಾಗಿಲಿನ ನಮ್ಮ ಮನೆಯ ವರಾಂಡದಲ್ಲಿ ಮಗನಿಗೆಂದು ಬಲೆಯ ಜೋಲಿ ಕಟ್ಟಿದೆ. ಎದುರುಬದುರು ಗೋಡೆಗಳಿಗೆ ಒಂದೊಂದು ಕೊಂಡಿ ಬಡಿದು, ಜೋತು ಬಿದ್ದರೆ ಚೆನ್ನಾಗಿ ಕಾಣದೆಂದು ಹಗ್ಗವನ್ನು ವೀಣೆಯ ತಂತಿಯಂತೆ ಎಳೆದು ಬಿಗಿದೆ. ಮಗ ಕುಣಿಯುತ್ತಾ ಬಂದು ಕೂತ. ಒಂದು ಕಡೆಯ ಕೊಂಡಿ ಗಾರೆಯ ಸಮೇತ ಕಿತ್ತು ಬಂತು. ಹುಡುಗನ ಎಡಗೈ ಮಣಿಕಟ್ಟಿಗೆ ಒಂದು ತಿಂಗಳು ಹಿಟ್ಟಿನ ಕಟ್ಟು. ಬಲಗಳ ಸಮಾಂತರ ಚತುರ್ಭುಜ ನಿಯಮವನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ನನ್ನಾಕೆ ಒಂದೇ ಮಾತು ಕೇಳಿದಳು: "ಏನ್ರೀ, ಶಾಲೇಲಿ ಹೇಳಿಕೊಡೋದು ಒಂದು, ಮನೇಲಿ ಮಾಡೋದು ಇನ್ನೊಂದಾ?"

ನಾನು ಮಾಡಿದ ತಪ್ಪನ್ನೇ ಮಾಲೂರಿನ ಹುಡುಗನೂ ಮಾಡಿದ್ದಾನೆ. ಅವನ ಪುಣ್ಯ, ಮರಗಳು ಗೋಡೆಗಿಂತ ಗಟ್ಟಿಯಾಗಿದ್ದವು.

ತಪ್ಪು ಏನೆಂದು ತಿಳಿಯಲು ಸಣ್ಣದೊಂದು ಪ್ರಯೋಗ ಮಾಡಿ. ಗಟ್ಟಿ ಹಗ್ಗದ ಮಧ್ಯಕ್ಕೆ ನೀರು ತುಂಬಿದ ಬಿಂದಿಗೆ ಕಟ್ಟಿ. ಇಬ್ಬರು ಗೆಳೆಯರು ಎರಡು ತುದಿ ಹಿಡಿದು ಹಗ್ಗವನ್ನು ನೆಟ್ಟಗೆ ಮಾಡಲು ಎಳೆಯಲಿ. ಎಂಥ ಜಟ್ಟಿಗಳಾದರೂ ಪೂರ್ತಿ ನೆಟ್ಟಗೆ ಮಾಡಲಾರರು. ಏಕೆಂದರೆ ಬಿಂದಿಗೆಯ ತೂಕವನ್ನು ಹೊರುವುದು ಎಳೆತದಲ್ಲಿ ಮೇಲ್ಮುಖವಾಗಿರುವ ಪಾಲು ಮಾತ್ರ. ಹಗ್ಗ ಅಡ್ಡವಾದಷ್ಟೂ ಆ ಪಾಲು ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಒಟ್ಟು ಎಳೆತ ಹೆಚ್ಚುತ್ತಲೇ ಹೋಗುತ್ತದೆ.

ಲೆಕ್ಕ ಸುಲಭ. ಮಲಗಿದವನ ತೂಕವನ್ನು, ಹಗ್ಗವು ನೆಲಮಟ್ಟದೊಂದಿಗೆ ಮಾಡುವ ಕೋನದ ಸೈನ್ ಬೆಲೆಯ ಎರಡರಷ್ಟರಿಂದ ಭಾಗಿಸಿದರೆ ಪ್ರತಿ ಹಗ್ಗದ ಎಳೆತ ಸಿಗುತ್ತದೆ. 50 ಕಿಲೋ ತೂಕದ ಹುಡುಗನೆಂದುಕೊಳ್ಳಿ. ಕೋನ 30 ಡಿಗ್ರಿ ಇದ್ದರೆ ಪ್ರತಿ ಹಗ್ಗದ ಮೇಲೆ 50 ಕಿಲೋ ಭಾರದಷ್ಟು ಎಳೆತ. 10 ಡಿಗ್ರಿಯಾದರೆ 144 ಕಿಲೋ. 5 ಡಿಗ್ರಿಗೆ ಇಳಿದರೆ 287 ಕಿಲೋ! ಹುಡುಗ ಅದೇ, ಹಗ್ಗ ಅದೇ. ಬದಲಾದದ್ದು ಕೋನ ಮಾತ್ರ. ಇನ್ನು ಧೊಪ್ಪನೆ ಕುಳಿತರೆ ಆ ಕ್ಷಣದ ಎಳೆತ ಇದಕ್ಕಿಂತಲೂ ಹೆಚ್ಚು. ನಮ್ಮ ಮನೆಯ ಕೊಂಡಿ ಪಾಪ, ಏನು ಮಾಡೀತು?

ಆದ್ದರಿಂದ ಹಗ್ಗ 30 ಡಿಗ್ರಿಯಷ್ಟು ಇಳಿಜಾರಾಗಿರಲಿ. ಕಂಪಾಸ್ ಪೆಟ್ಟಿಗೆಯಲ್ಲಿ 30, 60, 90 ಡಿಗ್ರಿಯ ಮೂಲೆಮಟ್ಟ ಇದೆಯಲ್ಲ, ಪರೀಕ್ಷೆ ಮುಗಿದ ಮೇಲೆ ಅದಕ್ಕೂ ಒಂದು ಕೆಲಸ ಸಿಕ್ಕಿತು. ಅದಿಲ್ಲವಾದರೆ, ಮರದಿಂದ 7 ಅಂಗುಲ ಮುಂದೆ ಬರುವಷ್ಟರಲ್ಲಿ ಹಗ್ಗ 4 ಅಂಗುಲ ಕೆಳಗಿಳಿದಿರಬೇಕೆಂದು ನೆನಪಿಡಿ. 10 ಅಡಿ ಉದ್ದದ ಬಟ್ಟೆಯಾದರೆ, ಕಟ್ಟಿದ ಮೇಲೆ ಅದರ ಎರಡು ತುದಿಗಳ ನಡುವೆ ಎಂಟೂಕಾಲು ಅಡಿಯಷ್ಟು ಅಂತರವಿದ್ದರೆ ಸಾಕು. ಮರಗಳ ನಡುವೆ 12 ಅಡಿ ಇದ್ದರೆ ಐದೂವರೆ ಅಡಿ ಎತ್ತರದಲ್ಲಿ ಕಟ್ಟಬಹುದು. ಕುಳಿತಾಗ ಕುರ್ಚಿಯ ಎತ್ತರದಲ್ಲಿರಬೇಕು. ಬಿದ್ದರೂ ಹೆಚ್ಚು ಪೆಟ್ಟಾಗಬಾರದು.

ಎಲ್ಲಿಗೆ ಕಟ್ಟುತ್ತೇವೆಂಬುದೂ ಮುಖ್ಯ. ಮಾಲೂರಿನವರಿಗೆ ಇಟ್ಟಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಮೇಲಿನಿಂದ ಒತ್ತುವ ಭಾರವನ್ನು ಇಟ್ಟಿಗೆ ಧಾರಾಳವಾಗಿ ತಡೆಯುತ್ತದೆ. ಆದರೆ ಇಟ್ಟಿಗೆ ಕಂಬವನ್ನು ಪಕ್ಕಕ್ಕೆ ಎಳೆದರೆ ಗಾರೆಯ ಬೆಸುಗೆ ಬಿಟ್ಟುಕೊಂಡು ಕಂಬವೇ ಮಲಗಿದವನ ಮೇಲೆ ಉರುಳುತ್ತದೆ. ಇಂಥ ಅಪಘಾತಗಳಲ್ಲಿ ಮಕ್ಕಳು ಪ್ರಾಣ ಕಳೆದುಕೊಂಡದ್ದುಂಟು. ಹೊಲದ ಬೇಲಿಗೆ ನೆಟ್ಟ ಕಲ್ಲುಕಂಬವೂ ಅಷ್ಟೇ, ಅಡ್ಡ ಎಳೆತಕ್ಕೆ ಪಟ್ಟನೆ ಮುರಿಯಬಹುದು. ಗೇಟಿನ ಕಂಬ, ಕಾಂಪೌಂಡ್ ಗೋಡೆ ಯಾವುದೂ ಬೇಡ. ಹಸಿಯಾಗಿರುವ, ದಪ್ಪ ಕಾಂಡದ ಮರವೇ ಸರಿ. ತೊಗಟೆ ಕೊರೆಯದಂತೆ ಹಗ್ಗದ ಬದಲು ಅಗಲವಾದ ಪಟ್ಟಿ ಸುತ್ತಿದರೆ ತೋಪಿನ ಯಜಮಾನರಿಗೂ ಬೇಸರವಾಗದು.

ಈಗ ಬೆನ್ನು ಬಾಗಿದ ವಿಚಾರಕ್ಕೆ ಬರೋಣ. ಬಟ್ಟೆಯನ್ನು ಬಿಗಿದಷ್ಟೂ ಅದರ ಅಂಚುಗಳು ಮೇಲೆದ್ದು ಭುಜಗಳನ್ನು ಒತ್ತುತ್ತವೆ. ಅಲುಗಾಡಿದರೆ ಮಗುಚುತ್ತದೆ. ಬೇರೆ ದಾರಿಯಿಲ್ಲದೆ ನಾವು ನಟ್ಟನಡುವೆ ಉದ್ದಕ್ಕೆ ಮಲಗುತ್ತೇವೆ. ತಲೆ ಮೇಲೆ, ಕಾಲು ಮೇಲೆ, ಸೊಂಟ ಕೆಳಗೆ. ಸಡಿಲ ಬಿಟ್ಟಾಗ ಮಾತ್ರ ಓರೆಯಾಗಿ ಮಲಗಲು ಬಟ್ಟೆಯಲ್ಲಿ ಜಾಗ ಸಿಗುತ್ತದೆ. ನಡುಗೆರೆಯಿಂದ ತಲೆಯನ್ನು ಒಂದು ಪಕ್ಕಕ್ಕೆ, ಕಾಲುಗಳನ್ನು ಎದುರು ಪಕ್ಕಕ್ಕೆ ಸರಿಸಿ. ದೇಹ ತಾನಾಗಿಯೇ ಸಪಾಟಾಗುತ್ತದೆ.

ಇದೇಕೆ ಹೀಗೆ? ಹಳೆಯ ನಾಡಹೆಂಚೊಂದನ್ನು ದೋಣಿಯಂತೆ ಅಂಗಾತ ಇಟ್ಟು, ಅದರೊಳಗೆ ಕಾಗದದ ಪಟ್ಟಿಯೊಂದನ್ನು ಬಾಗಿರುವ ದಿಕ್ಕಿನಲ್ಲೇ ಅಂಟಿಸಿ ನೋಡಿ. ಪಟ್ಟಿ ಚೆನ್ನಾಗಿ ಬಾಗುತ್ತದೆ. ಓರೆಯಾಗಿ ಅಂಟಿಸಿದರೆ ಬಾಗು ಕಡಿಮೆ. ಬಾಗಿದ ಮೈಯಲ್ಲಿ ಎಲ್ಲ ದಿಕ್ಕಿಗೂ ಒಂದೇ ಬಾಗು ಇರುವುದಿಲ್ಲ. ಓರೆಯಾಗಿ ಮಲಗಿದವನು ಕಡಿಮೆ ಬಾಗಿನ ದಾರಿಯನ್ನು ಹುಡುಕಿಕೊಂಡಿರುತ್ತಾನೆ, ಅಷ್ಟೇ. ಹ್ಯಾಮಕ್ ಎಂಬ ಹೆಸರು ಬಂದದ್ದು ಕೆರಿಬಿಯನ್ ದ್ವೀಪಗಳ ತೈನೋ ಜನರ ಮಾತಿನಿಂದ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗಲೇ ಆ ಜನ ಹತ್ತಿಯ ಬಲೆಗಳಲ್ಲಿ ಮಲಗುತ್ತಿದ್ದರು. ಮುಂದೆ ಯುರೋಪಿನ ನಾವಿಕರು ಅದನ್ನು ಹಡಗಿಗೆ ತಂದರು. ಹಡಗು ಎತ್ತ ವಾಲಿದರೂ ಗಾರೆಯವರ ತೂಗುಗುಂಡಿನಂತೆ ಜೋಲಿ ಭೂಮಿಯ ಕಡೆಗೇ ತೂಗುತ್ತಿತ್ತು, ಮಲಗಿದವನು ಉರುಳಿ ಬೀಳುತ್ತಿರಲಿಲ್ಲ.

ಇನ್ನು ಚಳಿ. ಕೋಲಾರದ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರಿನ ಬೆಳಗಿನ ಜಾವ ಹೇಗಿರುತ್ತದೆಂದು ನಿಮಗೆ ಗೊತ್ತು. ಮಾಲೂರಿನ ಹುಡುಗ ಕಂಬಳಿಯನ್ನು ಜೋಲಿಯೊಳಗೇ ಹಾಸಿಕೊಂಡಿದ್ದನಂತೆ. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಮೈಭಾರಕ್ಕೆ ಕಂಬಳಿ ಒತ್ತಿಹೋದರೆ ಆ ಗಾಳಿಯೂ ಹೋಯಿತು, ಬೆಚ್ಚಗೂ ಹೋಯಿತು. ಜೊತೆಗೆ ಕೆಳಗೆ ಬೀಸುವ ಗಾಳಿ ಬೆನ್ನಿನ ಶಾಖವನ್ನು ಹೊತ್ತೊಯ್ಯುತ್ತಲೇ ಇರುತ್ತದೆ. ಉಪಾಯ ಸರಳ. ಒಂದು ಕಂಬಳಿ ಹೊದೆಯಲು ಇರಲಿ. ಇನ್ನೊಂದನ್ನು ಜೋಲಿಯ ಹೊರಗೆ, ಅಡಿಭಾಗಕ್ಕೆ ತಾಗಿಯೂ ತಾಗದಂತೆ ತೂಗಿಬಿಡಿ. ಮೈಭಾರ ಅದರ ಮೇಲೆ ಬೀಳದಿದ್ದರೆ ಅದು ತನ್ನ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಇದೇ ಅಡಿಗಾಳಿ ನಮಗೆ ವರ. ಮಾವಿನ ಕಾಯಿ ಕಾಯುವವರನ್ನು ಕೇಳಿ ನೋಡಿ.

ತೂಗುವುದರಿಂದ ನಿದ್ದೆ ಬರುವುದು ನಿಜವೇ? 2011ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ವಿಜ್ಞಾನಿಗಳು 12 ಮಂದಿಯನ್ನು ಮಧ್ಯಾಹ್ನ ತೂಗುವ ಹಾಸಿಗೆಯಲ್ಲಿ ಮಲಗಿಸಿ ಮೆದುಳಿನ ಅಲೆಗಳನ್ನು ಅಳೆದರು. ಅಲ್ಲಾಡದ ಹಾಸಿಗೆಗಿಂತ ತೂಗುವ ಹಾಸಿಗೆಯಲ್ಲಿ ಬೇಗ ನಿದ್ದೆ ಬಂತು. 2019ರಲ್ಲಿ 18 ಯುವಜನರನ್ನು ಇಡೀ ರಾತ್ರಿ ತೂಗಿ ನೋಡಿದಾಗ ಗಾಢನಿದ್ದೆ ಹೆಚ್ಚಿತು. ಹಿಂದಿನ ಸಂಜೆ ಕಲಿತ ಪದಗಳೂ ಬೆಳಿಗ್ಗೆ ಚೆನ್ನಾಗಿ ನೆನಪಿದ್ದವು. ಎರಡು ಪ್ರಯೋಗಗಳಲ್ಲೂ ಒಂದು ತೂಗಿಗೆ 4 ಸೆಕೆಂಡು. ಲೋಲಕದ ಸೂತ್ರ ಹಾಕಿ ನೋಡಿ: 4 ಸೆಕೆಂಡಿನ ತೂಗಿಗೆ ಸುಮಾರು 4 ಮೀಟರ್ ಉದ್ದದ ಹಗ್ಗ ಬೇಕು. ಆದರೆ ಮಕ್ಕಳೇ, ಹನ್ನೆರಡು, ಹದಿನೆಂಟು ಜನರ ಪ್ರಯೋಗ ನಂಬಿ ಪುಸ್ತಕ ಮುಚ್ಚಿ ಜೋಲಿ ಹತ್ತಬೇಡಿ. ಆ ಯುವಜನರು ಸಂಜೆ ಕಲಿತಿದ್ದರೆಂಬುದನ್ನು ಮರೆಯಬಾರದು!

ಕೊನೆಯದಾಗಿ ಆ ಪುಟ್ಟ ತಂಗಿಯ ಮಾತು. ಇದನ್ನು ತಂದೆತಾಯಂದಿರು ಗಮನವಿಟ್ಟು ಓದಬೇಕು. ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ ದುಡಿಯುವ ತಾಯಿ ಮರಕ್ಕೆ ಸೀರೆ ಕಟ್ಟಿ ಮಗುವನ್ನು ಮಲಗಿಸುವುದು ಇರುವೆ, ಹುಳುಹುಪ್ಪಟೆಯಿಂದ ಕಾಪಾಡಲು. ಆ ಜಾಣ್ಮೆಗೆ ನನ್ನ ಗೌರವವಿದೆ. ಆದರೆ ನಾವು ಕತ್ತು ಬಾಗಿದರೆ ಎಚ್ಚೆತ್ತು ಹೊರಳುತ್ತೇವೆ, ಹಸುಗೂಸು ಹೊರಳಲಾರದು. ಗಲ್ಲ ಎದೆಗೆ ಒತ್ತಿಕೊಂಡರೆ ಅದರ ಉಸಿರಿನ ದಾರಿ ಕಿರಿದಾಗುತ್ತದೆ. ಸಪಾಟಾದ, ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಕೂಸಿಗೆ ಕ್ಷೇಮವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಜೋಲಿಯಲ್ಲಿ ತೂಗುವುದಾದರೆ ಕಣ್ಣೆದುರಿಗೇ ಇರಲಿ, ನಿದ್ದೆ ಹತ್ತಿದ ಕೂಡಲೇ ಕೆಳಗೆ ಮಲಗಿಸಿ. ಇನ್ನೊಂದು ಅಪಾಯ ಖಾಲಿ ಜೋಲಿಯದು. ದೊಡ್ಡ ಮಕ್ಕಳು ಅದರಲ್ಲಿ ಕುಳಿತು ಗಿರಗಿರನೆ ತಿರುಗುವ ಆಟದಲ್ಲಿ ಸೀರೆ ಹುರಿಗೊಂಡು ಕತ್ತಿಗೆ ಬಿಗಿದ ದುರಂತಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ. ಕೂಸನ್ನು ಎತ್ತಿಕೊಂಡ ತಕ್ಷಣ ಸೀರೆಯನ್ನು ಬಿಚ್ಚಿಡಿ, ಇಲ್ಲವೇ ಎತ್ತರಕ್ಕೆ ಗಂಟು ಹಾಕಿ. ಅರ್ಧ ನಿಮಿಷದ ಕೆಲಸ.

ಮಾಲೂರಿನ ಹುಡುಗ ಮುಂದಿನ ಶಿಬಿರದಲ್ಲಿ ಮತ್ತೊಮ್ಮೆ ಪ್ರಯತ್ನಿಸಿ ನನಗೆ ಬರೆಯಲಿ. ನಮ್ಮ ಮನೆಯಲ್ಲೂ ಜೋಲಿ ಇದೆ. ಈಗ ಹಿತ್ತಿಲಿನ ಎರಡು ಮರಗಳ ನಡುವೆ. ದೊಡ್ಡವನಾಗಿ ಕೆಲಸಕ್ಕೆ ಸೇರಿರುವ ಮಗ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅದರಲ್ಲೇ ಮಲಗುತ್ತಾನೆ. ಆದರೆ ಹತ್ತುವ ಮುಂಚೆ ಪ್ರತಿ ಸಲವೂ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಅಪ್ಪಾ, ಮೂಲೆಮಟ್ಟ ಎಲ್ಲಿದೆ?"