ಎರಡೇ ಆಟದಲ್ಲಿ ಕಲಿಯಲಿ ನೋಡೋಣ



ಕಂಪ್ಯೂಟರಿಗೆ ಮನುಷ್ಯನಷ್ಟೇ ಬುದ್ಧಿ ಬರುತ್ತದಂತೆ. ನಾನು ಈಗಲೇ ಒಪ್ಪಲ್ಲ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚೆಸ್ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಅದಕ್ಕೆ ನಮ್ಮ ಚೌಕಾಬಾರ ಕೊಟ್ಟಿದ್ದರೆ ಒಂದು ಕಾಯಿಯನ್ನೂ ನಡೆಸುತ್ತಿರಲಿಲ್ಲ! (ಲೆಕ್ಕ ಬಾಯಿಪಾಠ ಮಾಡುವವರೂ ಹೀಗೇ.) 2017ರ ಆಲ್ಫಾಝೀರೋ ವಾಸಿ. ನಿಯಮ ಮಾತ್ರ ಹೇಳಿಕೊಟ್ಟರು, ತನ್ನ ಜೊತೆ ತಾನೇ ಆಡಿ ಚೆಸ್ ಕಲಿಯಿತು. ಆದರೆ ಆಡಿದ್ದು ಸುಮಾರು 4 ಕೋಟಿ 40 ಲಕ್ಷ ಆಟ!

ನನ್ನ ತಂಗಿ ಗುಬ್ಬಿಯಲ್ಲಿ ಚೌಕಾಬಾರ ಕಲಿತವಳು. ಕುಣಿಗಲ್‌ನ ಅತ್ತೆ ಮನೆಯಲ್ಲಿ ನಿಯಮವೇ ಬೇರೆ. ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ಮೊದಲನೇ ಆಟ ಸೋತಳು, ಎರಡನೇದರಲ್ಲಿ ಅತ್ತೆಯನ್ನೇ ಸೋಲಿಸಿದಳು. ಯಂತ್ರವೂ ಗೊತ್ತಿಲ್ಲದ ಮನೆಗೆ ಹೋಗಿ ಹೀಗೆ ಕಲಿಯಲಿ, ಆಗ ಒಪ್ಪುತ್ತೇನೆ.

– 7ನೇ ತರಗತಿ